17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಡುಕರನ್ನು ಶಿಕ್ಷಿಸಿದ್ದು ಪಾಪಕ್ಕಾಗಿಯೋ, ಬಡತನಕ್ಕಾಗಿಯೋ?

ಪ್ರಶ್ನೆ: ಮುಂಗಾರು ಓದು

ಎಲ್ಲರಿಗೂ ನಮಸ್ಕಾರ. ಒಂದನೆಯ ಜೇಮ್ಸ್ ದೊರೆಯ ಕಾಲದ ಇಂಗ್ಲೆಂಡಿನ ಶಾಸನಗಳನ್ನು ಓದುತ್ತಿರುವಾಗ ಹುಟ್ಟಿದ ಸಂದೇಹವೊಂದನ್ನು ತಿಳಿದವರ ಮುಂದಿಡುತ್ತಿದ್ದೇನೆ. 1606ರ ಶಾಸನ ತನ್ನ ತಲೆಬರಹದಲ್ಲಿಯೇ ಕುಡುಕತನವನ್ನು ಹೇಯವಾದ, ಅಸಹ್ಯವಾದ ಪಾಪವೆಂದು ಕರೆಯುತ್ತದೆ. ರಕ್ತಪಾತ, ಇರಿತ, ಕೊಲೆ, ಆಣೆ-ಶಾಪ, ವ್ಯಭಿಚಾರಗಳಿಗೆಲ್ಲ ಇದೇ ಬೇರು, ಇದರಿಂದ ದೇವರಿಗೆ ಅಪಮಾನವಾಗುತ್ತಿದೆ ಎಂದು ಅದರ ಪೀಠಿಕೆ ಹೇಳುತ್ತದೆ. ಆದರೆ ಒಂದೇ ಉಸಿರಿಗೆ, ಕೈಕಸುಬುಗಳು ಹಾಳಾಗುತ್ತಿವೆ, ಕೆಲಸಗಾರರು ದುಡಿಯಲಾರದವರಾಗುತ್ತಿದ್ದಾರೆ, ಒಳ್ಳೆಯ ಪ್ರಜೆಗಳು ಬಡತನಕ್ಕೆ ಬೀಳುತ್ತಿದ್ದಾರೆ ಎಂಬ ದೂರನ್ನೂ ಸೇರಿಸುತ್ತದೆ.

ಇಲ್ಲಿ ಯಾವುದು ನಿಜವಾದ ಕಾರಣ, ಯಾವುದು ಮೇಲಿನ ಹೊದಿಕೆ ಎಂಬುದು ನನಗೆ ಬಗೆಹರಿಯುತ್ತಿಲ್ಲ. ಪಾದ್ರಿಗಳ ಉಪದೇಶಗಳನ್ನು ಓದಿದರೆ ನರಕದ ಭಯವೇ ಎಲ್ಲದರ ಮೂಲವೆಂದು ತೋರುತ್ತದೆ. ನ್ಯಾಯಾಧಿಕಾರಿಗಳ ಆದೇಶಗಳನ್ನು ಓದಿದರೆ ಧಾನ್ಯದ ಕೊರತೆ, ಕೂಲಿಯವರ ಸೋಮಾರಿತನ, ಅಲೆಮಾರಿಗಳ ಕಾಟ ಇವೇ ಮುಂದೆ ಬರುತ್ತವೆ. ಮನೆಯ ಬಾಗಿಲು ಹಾಕಿಕೊಂಡು ಕುಡಿದು ಬಿದ್ದ ಸಿರಿವಂತನನ್ನು ಯಾರೂ ಕೇಳದೆ, ಬೀದಿಯಲ್ಲಿ ತೂರಾಡಿದ ಕೂಲಿಯವನನ್ನು ಮಾತ್ರ ಹಿಡಿದು ಕೋಳಕ್ಕೆ ಹಾಕಿದ್ದರೆ, ಅದನ್ನು ಧಾರ್ಮಿಕ ಆಂದೋಲನವೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ? ಇಂಗ್ಲೆಂಡನ್ನು ಮುಖ್ಯವಾಗಿಟ್ಟುಕೊಂಡು ಉತ್ತರಿಸಿದರೆ ಉಪಕಾರವಾಗುತ್ತದೆ. ಹೊರಗಿನ ಉದಾಹರಣೆಗಳಿದ್ದರೂ ಆಗಬಹುದು.

ಉತ್ತರ 1: ಕಡತದ ಕೋಣೆ

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬಡತನದ ಕಡೆಗೇ ವಾಲುತ್ತದೆ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಕಾನೂನು ಬೆನ್ನು ಹತ್ತಿದ್ದು ಕುಡಿಯುವವನನ್ನಲ್ಲ, ಕುಡಿಯುವ ಜಾಗವನ್ನು. ಆರನೆಯ ಎಡ್ವರ್ಡ್‌ನ ಕಾಲದ 1552ರ ಶಾಸನದ ಪ್ರಕಾರ ಏಲ್ (ಬಿಯರಿನಂಥದೇ ಪೇಯ) ಅಥವಾ ಬಿಯರ್ ಮಾರುವ ಪಡಖಾನೆಯನ್ನು ನಡೆಸಬೇಕಾದರೆ ಇಬ್ಬರು ಜಸ್ಟಿಸ್‌ಗಳಿಂದ, ಎಂದರೆ ಸ್ಥಳೀಯ ನ್ಯಾಯಾಧಿಕಾರಿಗಳಿಂದ, ಪರವಾನಗಿ ಪಡೆದು, ಒಳಗೆ ನಿಷಿದ್ಧ ಆಟಗಳನ್ನು ಆಡಿಸುವುದಿಲ್ಲ, ಒಳ್ಳೆಯ ಶಿಸ್ತನ್ನು ಕಾಪಾಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. 1577ರಲ್ಲಿ ಸರ್ಕಾರ ಇಂಥ ಮನೆಗಳ ಎಣಿಕೆ ಮಾಡಿಸಿತು. ಲೆಕ್ಕ ಸಿಕ್ಕಿದ ಕೌಂಟಿಗಳಲ್ಲಿಯೇ 14,000ಕ್ಕೂ ಮಿಕ್ಕಿ ಪಡಖಾನೆಗಳಿದ್ದವು. ಪ್ರಯಾಣಿಕರು ತಂಗುವ ಇನ್‌ಗಳು ಸುಮಾರು 1,600, ವೈನ್ ಮಾರುವ ಟ್ಯಾವರ್ನ್‌ಗಳು ಕೆಲವೇ ನೂರು. ಆ ಎಣಿಕೆಯ ಉದ್ದೇಶ ನೀತಿಬೋಧೆಯಾಗಿರಲಿಲ್ಲ, ಡೋವರ್ ಬಂದರಿನ ದುರಸ್ತಿಗೆ ಹಣ ಎತ್ತುವುದಾಗಿತ್ತು. ಆದರೂ ಈ ಅಂಕಿಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ: ವೈನ್ ಕುಡಿಯುವ ಉಳ್ಳವರ ಜಾಗಗಳು ಬೆರಳೆಣಿಕೆಯಷ್ಟಿದ್ದವು, ಬಡವರ ಜಾಗಗಳು ಊರೂರಿಗೆ ಹಲವಾರಿದ್ದವು, ಮುಂದಿನ ಶಾಸನಗಳೆಲ್ಲ ಗುರಿಯಿಟ್ಟದ್ದು ಈ ಎರಡನೆಯದಕ್ಕೆ.

ಎರಡನೆಯದಾಗಿ, 1604ರ ಶಾಸನವನ್ನು ನೋಡಿ. ಪಡಖಾನೆ ಇರುವುದು ದಾರಿಹೋಕರಿಗೆ ಊಟ-ತಂಗುದಾಣ ಒದಗಿಸುವುದಕ್ಕೆ ಮತ್ತು ಹೆಚ್ಚಿನ ಪ್ರಮಾಣದಲ್ಲಿ ಸಾಮಾನು ಕೊಳ್ಳಲಾರದ ಬಡವರಿಗೆ ಸ್ವಲ್ಪ ಸ್ವಲ್ಪವಾಗಿ ಮಾರುವುದಕ್ಕೆ, ಕೆಲಸವಿಲ್ಲದವರು ಕುಳಿತು ಹಣ ಮತ್ತು ಹೊತ್ತು ಕಳೆಯುವುದಕ್ಕಲ್ಲ ಎಂದು ಅದು ಹೇಳುತ್ತದೆ. ಆ ಊರಿನವರೇ ಕುಳಿತು ಕುಡಿಯಲು ಬಿಟ್ಟ ಪಡಖಾನೆಯವನಿಗೆ ಹತ್ತು ಶಿಲಿಂಗ್ ದಂಡ. ವಿನಾಯಿತಿ ಯಾರಿಗೆ? ಪ್ರಯಾಣಿಕರಿಗೆ ಮತ್ತು ಅವರ ಜೊತೆಗೆ ಬಂದವರಿಗೆ. ಹಾಗೆಯೇ ಕೂಲಿ ಮತ್ತು ಕಸುಬಿನವರಿಗೆ ಊಟದ ಹೊತ್ತಿನಲ್ಲಿ ಒಂದು ಗಂಟೆ. ಪಾಪಕ್ಕೆ ಗಂಟೆಯ ಲೆಕ್ಕವಿರುವುದಿಲ್ಲ, ದುಡಿಮೆಗೆ ಇರುತ್ತದೆ. ನನ್ನ ಮಟ್ಟಿಗೆ ಆ ಒಂದು ಗಂಟೆಯ ವಿನಾಯಿತಿ ಇಡೀ ಶಾಸನದ ಮನಸ್ಸನ್ನು ಬಿಚ್ಚಿ ತೋರಿಸುತ್ತದೆ.

ಮೂರನೆಯ ಕಾರಣ ಧಾನ್ಯ. ಏಲ್ ಆಗಲಿ ಬಿಯರ್ ಆಗಲಿ ಮೊಳಕೆಯೊಡೆಸಿ ಒಣಗಿಸಿದ ಬಾರ್ಲಿಯಿಂದ ಆಗಬೇಕು, ಬಡವರ ರೊಟ್ಟಿಯೂ ಬಹುಮಟ್ಟಿಗೆ ಅದೇ ಬಾರ್ಲಿಯಿಂದ ಆಗುತ್ತಿತ್ತು. 1594ರಿಂದ 1597ರವರೆಗೆ ಸಾಲಾಗಿ ಬೆಳೆ ಕೈಕೊಟ್ಟಾಗ, ಮತ್ತೆ 1630-31ರ ಅಭಾವದಲ್ಲಿ, ಪಡಖಾನೆಗಳನ್ನು ಕಡಿಮೆ ಮಾಡಿ, ಮಾಲ್ಟ್ ಮಾಡುವುದಕ್ಕೆ ಕಡಿವಾಣ ಹಾಕಿ ಎಂದು ಜಸ್ಟಿಸ್‌ಗಳಿಗೆ ಆದೇಶಗಳು ಹೋದವು. ಜನಸಂಖ್ಯೆ ಏರುತ್ತಿದ್ದ, ಕೂಲಿಯ ಬೆಲೆ ಇಳಿಯುತ್ತಿದ್ದ, ಭೂಮಿಯಿಲ್ಲದವರು ಊರಿಂದೂರಿಗೆ ಅಲೆಯುತ್ತಿದ್ದ ಆ ದಶಕಗಳಲ್ಲಿ ಪ್ರತಿ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರ ವಲಯ) ತನ್ನ ಬಡವರನ್ನು ತಾನೇ ಸಾಕಬೇಕಾಗಿತ್ತು. ಬಡವರನ್ನು ಸಾಕಲು ತೆರಿಗೆ ಕಟ್ಟುತ್ತಿದ್ದ ರೈತನಿಗೆ, ಹೆಂಡತಿ-ಮಕ್ಕಳನ್ನು ಪ್ಯಾರಿಷ್‌ನ ಮೇಲೆ ಬಿಟ್ಟು ಪಡಖಾನೆಯಲ್ಲಿ ಕುಳಿತವನು ಪಾಪಿಯಾಗಿ ಕಾಣುವುದಕ್ಕೆ ಮೊದಲು ಖರ್ಚಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಶಿಕ್ಷೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1606ರ ಶಾಸನದಂತೆ ಕುಡಿದು ಮತ್ತನಾದವನಿಗೆ ಐದು ಶಿಲಿಂಗ್ ದಂಡ, ಕೊಡಲಾಗದಿದ್ದರೆ ಆರು ಗಂಟೆ ಕಾಲ ಮರದ ಕೋಳದಲ್ಲಿ ಕೂರಬೇಕು. ಆಗ ದಕ್ಷಿಣ ಇಂಗ್ಲೆಂಡಿನಲ್ಲಿ ಕೂಲಿಯವನ ದಿನದ ಸಂಪಾದನೆ ಸುಮಾರು ಎಂಟು ಪೆನ್ನಿ. ಐದು ಶಿಲಿಂಗ್ ಎಂದರೆ 60 ಪೆನ್ನಿ, ಒಂದು ವಾರದ ದುಡಿಮೆಗಿಂತ ಹೆಚ್ಚು. ಉಳ್ಳವನು ಕಾಸು ಎಸೆದು ಹೋಗುತ್ತಿದ್ದ, ಇಲ್ಲದವನ ಕಾಲು ಕೋಳಕ್ಕೆ ಬೀಳುತ್ತಿತ್ತು. ಆ ಶಾಸನದ ಮಸೂದೆ ಪಾರ್ಲಿಮೆಂಟಿಗೆ ಬರುವುದಕ್ಕೆ ಕೆಲವೇ ತಿಂಗಳ ಮೊದಲು, 1606ರ ಜುಲೈನಲ್ಲಿ, ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ ತನ್ನ ಭಾವನಾದ ಜೇಮ್ಸ್‌ನನ್ನು ನೋಡಲು ಬಂದಿದ್ದಾಗ ಥಿಯೊಬಾಲ್ಡ್ಸ್ ಅರಮನೆಯಲ್ಲಿ ನಡೆದ ಔತಣ ಮತ್ತು ಅದರಲ್ಲಿ ಆಡಿದ ನಾಟಕವನ್ನು ಆಸ್ಥಾನಿಕ ಸರ್ ಜಾನ್ ಹಾರಿಂಗ್ಟನ್ ಪತ್ರವೊಂದರಲ್ಲಿ ಬಣ್ಣಿಸಿದ್ದಾನೆ: ಶೀಬಾ ರಾಣಿಯ ಪಾತ್ರದವಳು ಎಡವಿ ತಂದ ಕಾಣಿಕೆಗಳನ್ನೆಲ್ಲ ಅತಿಥಿ ದೊರೆಯ ಮೈಮೇಲೆ ಚೆಲ್ಲಿದಳು, ವಿಶ್ವಾಸ ಮತ್ತು ಭರವಸೆಯ ಪಾತ್ರಧಾರಿಣಿಯರು ಮಾತು ಹೊರಡದೆ ತೂರಾಡುತ್ತ ಹೋಗಿ ಕೆಳಗಿನ ಹಜಾರದಲ್ಲಿ ವಾಂತಿ ಮಾಡಿಕೊಂಡರು. ಅವರಲ್ಲಿ ಯಾರ ಕಾಲಿಗೂ ಕೋಳ ಬೀಳಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಉತ್ತರ 2: ಮಸಿಕುಡಿಕೆ

ಕಡತದ ಕೋಣೆಯವರು ಕೊಟ್ಟ ಲೆಕ್ಕಗಳಿಗೆ ನನ್ನ ತಕರಾರಿಲ್ಲ. ಅವುಗಳಿಂದ ಅವರು ತೆಗೆದ ನಿರ್ಣಯಕ್ಕೆ ಇದೆ. ಧರ್ಮವನ್ನು ಹೊದಿಕೆಯೆಂದು ಬದಿಗಿಟ್ಟರೆ ಈ ಕಾಲದ ಜನರ ಮನಸ್ಸು ನಮಗೆ ಅರ್ಥವಾಗುವುದಿಲ್ಲ. ಅವರಿಗೆ ಪಾಪ ಬೇರೆ, ಬೆಲೆಯೇರಿಕೆ ಬೇರೆ ಆಗಿರಲಿಲ್ಲ. ಊರಿನಲ್ಲಿ ಪಾಪವನ್ನು ಕಂಡೂ ಸುಮ್ಮನಿದ್ದರೆ ದೇವರು ಇಡೀ ಊರನ್ನು ಪ್ಲೇಗಿನಿಂದಲೋ ಬರಗಾಲದಿಂದಲೋ ಬೆಂಕಿಯಿಂದಲೋ ದಂಡಿಸುತ್ತಾನೆ ಎಂಬುದು ಉಪದೇಶಪೀಠದ ಅಲಂಕಾರದ ಮಾತಾಗಿರಲಿಲ್ಲ, ಹಲವರು ಜೀವವಿಟ್ಟು ನಂಬಿದ್ದ ಮಾತಾಗಿತ್ತು.

ಇದಕ್ಕೆ ಡಾರ್ಚೆಸ್ಟರ್ ಪಟ್ಟಣಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. 1613ರ ಆಗಸ್ಟ್ 6ರಂದು ಬೆಂಕಿ ಬಿದ್ದು ಆ ಪಟ್ಟಣದ ಬಹುಭಾಗ ಸುಟ್ಟುಹೋಯಿತು. ಅಲ್ಲಿಯ ಪಾದ್ರಿ ಜಾನ್ ವೈಟ್ ಮತ್ತು ಅವನ ಮಾತಿಗೆ ಕಿವಿಗೊಟ್ಟ ಪುರಪ್ರಮುಖರು ಅದನ್ನು ದೇವರ ಎಚ್ಚರಿಕೆಯೆಂದು ತಿಳಿದು, ಮುಂದಿನ ಎರಡು-ಮೂರು ದಶಕಗಳ ಕಾಲ ಪಟ್ಟಣವನ್ನು ತಿದ್ದುವ ಕೆಲಸಕ್ಕೆ ಇಳಿದರು. ಕುಡಿದವರನ್ನು, ಆಣೆಯಿಟ್ಟವರನ್ನು, ಉಪದೇಶದ ಹೊತ್ತಿನಲ್ಲಿ ಪಡಖಾನೆಯಲ್ಲಿ ಕುಳಿತವರನ್ನು ಬಿಡದೆ ಹಿಡಿದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ: ಶಾಲೆ, ಬಡವರ ಮಕ್ಕಳಿಗೆ ಕೆಲಸ ಕಲಿಸುವ ಆಶ್ರಯಾಲಯ, ರೋಗಿಗಳಿಗೆ ನೆರವು, ಬೇರೆ ಊರಿನ ಸಂತ್ರಸ್ತರಿಗಾಗಿ ಚಂದಾ ಎಲ್ಲವೂ ಆ ಸಣ್ಣ ಪಟ್ಟಣದಿಂದ ಹೊರಟವು. ಇವಕ್ಕೆಲ್ಲ ಹಣ ಎಲ್ಲಿಂದ ಬಂತು ಎಂದರೆ, 1622ರಲ್ಲಿ ಪಟ್ಟಣದ ಆಡಳಿತವೇ ಬಿಯರ್ ತಯಾರಿಸುವ ಕಾರ್ಖಾನೆಯೊಂದನ್ನು ತೆರೆದು ಅದರ ಲಾಭವನ್ನು ಬಡವರಿಗಾಗಿ ಮುಡಿಪಿಟ್ಟಿತು! ಮರುವರ್ಷ ಸಾಲ್ಸ್‌ಬರಿಯಲ್ಲಿಯೂ ಇದೇ ಪ್ರಯೋಗ ನಡೆಯಿತು, ಅಲ್ಲಿಯ ಬಿಯರ್ ವರ್ತಕರು ಅದನ್ನು ಬಲವಾಗಿ ವಿರೋಧಿಸಿದರು. ಬಡವರನ್ನು ಹತ್ತಿಕ್ಕುವುದೊಂದೇ ಗುರಿಯಾಗಿದ್ದರೆ ಇಷ್ಟೆಲ್ಲ ಖರ್ಚು-ತಾಪತ್ರಯ ಮೈಮೇಲೆ ಹಾಕಿಕೊಳ್ಳುವ ಅಗತ್ಯವಿರಲಿಲ್ಲ.

ಬಿಯರ್ ಕಾರ್ಖಾನೆಯ ವಿಷಯ ಕೇಳಿ ಇದು ಇಬ್ಬಂದಿತನವಲ್ಲವೇ ಎಂದು ಈಗಿನವರು ನಗಬಹುದು. ಆದರೆ ಇಂಗ್ಲೆಂಡಿನ ಮಟ್ಟಿಗೆ ಸಂಪೂರ್ಣ ಪಾನನಿಷೇಧ ಎಂಬ ಆಂದೋಲನ 19ನೆಯ ಶತಮಾನದ್ದು. ಈ ಕಾಲದ ಸುಧಾರಕರ ಗುರಿ ಅದಾಗಿರಲಿಲ್ಲ. ಪೇಯ ದೇವರು ಕೊಟ್ಟದ್ದು, ಅದನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು. ವೈನ್ ದೇವರಿಂದ ಬಂದದ್ದು, ಕುಡುಕ ಸೈತಾನನಿಂದ ಬಂದವನು ಎಂದು ಮ್ಯಾಸಚೂಸೆಟ್ಸ್‌ನ ಪಾದ್ರಿ ಇಂಕ್ರೀಸ್ ಮ್ಯಾದರ್ 1673ರಲ್ಲಿ ಬರೆದ. ಮನುಷ್ಯನಿಗೆ ದೇವರು ವಿವೇಕವನ್ನು ಕೊಟ್ಟಿದ್ದಾನೆ, ದೇವರ ಹೋಲಿಕೆ ಅವನಲ್ಲಿರುವುದು ಅಲ್ಲಿಯೇ. ಅದನ್ನು ತಾನಾಗಿ ಕಳೆದುಕೊಂಡವನು ಮೃಗವಾಗುತ್ತಾನೆ ಎಂಬುದು ತರ್ಕ. ಬೈಬಲಿನಲ್ಲಿ ಕುಡಿದು ಬೆತ್ತಲಾದ ನೋಹ, ಕುಡಿದು ಪತಿತನಾದ ಲೋಟ ಎಂಬವನು, ಕುಡುಕರು ದೇವರ ರಾಜ್ಯಕ್ಕೆ ಬಾಧ್ಯರಾಗುವುದಿಲ್ಲ ಎಂಬ ಪೌಲನ ಮಾತು ಇವು ಉಪದೇಶಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನ್ಯಾಯವಾದಿ ಎಡ್ವರ್ಡ್ ಕೋಕ್ ಕೂಡ ಕುಡುಕನನ್ನು ತಾನಾಗಿಯೇ ದೆವ್ವ ಹಿಡಿಸಿಕೊಂಡವನೆಂದು ಕರೆದು, ಅಮಲಿನಲ್ಲಿ ಮಾಡಿದ ಅಪರಾಧಕ್ಕೆ ರಿಯಾಯಿತಿ ಇಲ್ಲವೆಂದ. ನೀತಿ, ಧರ್ಮ, ಕಾನೂನು ಮೂರೂ ಇಲ್ಲಿ ಒಂದೇ ಭಾಷೆಯಲ್ಲಿ ಮಾತನಾಡುತ್ತಿವೆ.

ಇಂಗ್ಲೆಂಡಿನ ಶಾಸನಗಳಿಗಿಂತ ಎಷ್ಟೋ ಮೊದಲೇ ಜರ್ಮನಿಯಲ್ಲಿ ಈ ಮಾತು ಎದ್ದಿತ್ತು ಎಂಬುದನ್ನೂ ಗಮನಿಸಬೇಕು. ಒಬ್ಬರ ಆರೋಗ್ಯ ಹಾರೈಸಿ ಬಟ್ಟಲು ಬರಿದು ಮಾಡುವುದು, ಎದುರಿಗಿದ್ದವನೂ ಅಷ್ಟೇ ಕುಡಿದು ಮರ್ಯಾದೆ ಉಳಿಸಿಕೊಳ್ಳಬೇಕಾಗುವುದು, ಈ ಪದ್ಧತಿಯನ್ನು ಜರ್ಮನ್ ನಾಡುಗಳು ಸೇರಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆ 1495ರಿಂದಲೇ ನಿಷೇಧಿಸುತ್ತ ಬಂದಿತ್ತು. ಪ್ರತಿಯೊಂದು ದೇಶಕ್ಕೂ ತನ್ನದೇ ದೆವ್ವವಿರುತ್ತದೆ, ಜರ್ಮನರ ದೆವ್ವ ಕುಡಿತವೇ ಎಂದು ಧರ್ಮಸುಧಾರಕ ಲೂಥರ್ 1534ರಲ್ಲಿ ಬರೆದ. ಆ ನಿಷೇಧಗಳ ಗುರಿ ಕೂಲಿಯವರಿಗಿಂತ ಹೆಚ್ಚಾಗಿ ಶ್ರೀಮಂತರು, ಸೈನಿಕರು, ಕಸುಬುದಾರರ ಸಂಘಗಳು. ಹೀಗಿರುವಾಗ ಇಡೀ ಆಂದೋಲನವನ್ನು ಬಡವರ ವಿರುದ್ಧದ ಕಾರ್ಯಾಚರಣೆಯೆಂದು ಹೇಳಲು ನನಗೆ ಧೈರ್ಯ ಸಾಲದು.

ಮುಂಗಾರು ಓದು

ಇಬ್ಬರಿಗೂ ವಂದನೆಗಳು. ಡಾರ್ಚೆಸ್ಟರಿನ ಬಿಯರ್ ಕಾರ್ಖಾನೆಯ ವಿಷಯ ನನಗೆ ತಿಳಿದಿರಲಿಲ್ಲ. ಒಂದು ಉಪಪ್ರಶ್ನೆ: ಶಾಸನ ಮಾಡಿದವರ ಮನಸ್ಸು ಹೇಗೇ ಇರಲಿ, ಊರಿನಲ್ಲಿ ಒಬ್ಬನನ್ನು ಕುಡುಕನೆಂದು ತೀರ್ಮಾನಿಸುತ್ತಿದ್ದವರು ಯಾರು? ಅವನನ್ನು ಹಿಡಿದುಕೊಡಲು ನೆರೆಹೊರೆಯವರು ಒಪ್ಪುತ್ತಿದ್ದರೇ? ಉದ್ದೇಶವನ್ನು ಪೀಠಿಕೆಯಲ್ಲಿ ಹುಡುಕುವುದಕ್ಕಿಂತ ಜಾರಿಯಲ್ಲಿ ಹುಡುಕುವುದು ಸರಿಯೇನೋ ಎಂದು ಈಗ ಅನ್ನಿಸುತ್ತಿದೆ.

ಉತ್ತರ 3: ತಳದ ಸಾಲು

ಈ ಉಪಪ್ರಶ್ನೆಯೇ ಮುಖ್ಯ ಪ್ರಶ್ನೆಯಾಗಬೇಕಿತ್ತು. ಪಾರ್ಲಿಮೆಂಟು ಏನೇ ಬರೆದರೂ ಅದನ್ನು ನಡೆಸಬೇಕಾದವನು ಊರಿನ ಕಾನ್‌ಸ್ಟೇಬಲ್. ಅವನು ಸಂಬಳದ ಪೊಲೀಸನಲ್ಲ. ಒಂದು ವರ್ಷದ ಸರದಿಯ ಮೇಲೆ ಆ ಹೊರೆಯನ್ನು ಹೊತ್ತ ರೈತನೋ ಕಸುಬುದಾರನೋ ಆಗಿದ್ದು, ವರ್ಷ ಮುಗಿದ ಮೇಲೆ ಅದೇ ನೆರೆಯವರ ಜೊತೆಗೆ ಬಾಳಬೇಕಾದವನು. ಪ್ಯಾರಿಷ್ ಚರ್ಚಿನ ಮೇಲ್ವಿಚಾರಣೆ ಹೊತ್ತ ಊರಿನವನಾದ ಚರ್ಚ್ ವಾರ್ಡನ್ನನ ಪಾಡೂ ಅದೇ. 1604ರ ಚರ್ಚ್ ನಿಯಮಾವಳಿಯ 109ನೆಯ ನಿಯಮ ವ್ಯಭಿಚಾರಿಗಳ, ಆಣೆಯಿಡುವವರ ಜೊತೆಗೆ ಕುಡುಕರನ್ನೂ ಧರ್ಮನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಹೇಳುತ್ತದೆ. ಬಿಷಪ್ಪನ ಕಡೆಯವರು ಭೇಟಿಗೆ ಬಂದಾಗ ನಿಮ್ಮ ಪ್ಯಾರಿಷ್‌ನಲ್ಲಿ ಕುಡುಕರಿದ್ದಾರೆಯೇ ಎಂಬ ಪ್ರಶ್ನೆ ಲಿಖಿತವಾಗಿಯೇ ಬರುತ್ತಿತ್ತು. ಎಲ್ಲ ಸರಿಯಾಗಿದೆ ಎಂಬ ಒಂದು ಸಾಲಿನ ಉತ್ತರ ಬರೆದು ಕೈತೊಳೆದುಕೊಂಡ ಪ್ಯಾರಿಷ್‌ಗಳು ಸಾಕಷ್ಟಿವೆ.

ಹಾಗಾದರೆ ಒಪ್ಪಿಸುತ್ತಿದ್ದದ್ದು ಯಾರನ್ನು? ಒಮ್ಮೆ ಕುಡಿದು ತೂರಾಡಿದವನನ್ನಲ್ಲ. ಕುಡಿದು ಬಂದು ಚರ್ಚಿನಲ್ಲಿ ಗಲಾಟೆ ಮಾಡಿದವನು, ನೆರೆಯವರನ್ನು ಬೈದು ಹೊಡೆದಾಟಕ್ಕೆ ನಿಂತವನು, ಮನೆಯವರನ್ನು ಉಪವಾಸ ಕೆಡವಿದವನು, ಹೇಳಿ ಹೇಳಿ ತಿದ್ದಿಕೊಳ್ಳದವನು ಇಂಥವರು ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಕುಡಿದು ಮತ್ತನಾಗುವುದು ಏನೆಂದು ಶಾಸನ ವಿವರಿಸಿರಲಿಲ್ಲ. ನಡಿಗೆ ತಪ್ಪಿತು, ನಾಲಿಗೆ ತೊದಲಿತು, ದಾರಿಯಲ್ಲಿ ಬಿದ್ದಿದ್ದ ಎಂಬ ಸಾಕ್ಷಿಗಳ ಕಣ್ಣಿನ ಮಾತೇ ಆಧಾರ. ಆದ್ದರಿಂದ ಅಪರಾಧ ಬಹಿರಂಗವಾದುದಾಗಿರಲೇಬೇಕು. ಸಿರಿವಂತನು ತನ್ನ ಹಜಾರದಲ್ಲಿ ಕುಡಿದು ಮಲಗಿದರೆ ಅವನ ಆಳುಗಳಲ್ಲದೆ ಬೇರೆ ಸಾಕ್ಷಿಗಳಿರುತ್ತಿರಲಿಲ್ಲ. ಆಳುಗಳು ಬಾಯಿ ಬಿಡುತ್ತಿರಲಿಲ್ಲ. ಬಡವರೇ ಹೆಚ್ಚಾಗಿ ಸಿಕ್ಕಿಬಿದ್ದದ್ದಕ್ಕೆ ಕಾನೂನಿನ ದುರುದ್ದೇಶ ಎಷ್ಟು ಕಾರಣವೋ, ಅವರಿಗೆ ಕುಡಿಯಲು ಸ್ವಂತ ಹಜಾರವಿಲ್ಲದಿದ್ದುದೂ ಅಷ್ಟೇ ಕಾರಣ.

ಪಡಖಾನೆಯವರ ಕಡೆಯಿಂದಲೂ ಸ್ವಲ್ಪ ನೋಡಬೇಕು. ಪರವಾನಗಿ ಕೇಳಿ ಬಂದವರಲ್ಲಿ ವಿಧವೆಯರು, ದುಡಿಯಲಾರದ ಮುದುಕರು, ಅಂಗಹೀನರು ಬಹಳ ಮಂದಿ. ಇವರಿಗೆ ಬಿಯರ್ ಮಾರಲು ಬಿಟ್ಟರೆ ಪ್ಯಾರಿಷ್ ಇವರನ್ನು ಸಾಕಬೇಕಾಗಿಲ್ಲ ಎಂಬ ಲೆಕ್ಕಾಚಾರದಿಂದ, ಪಡಖಾನೆಗಳನ್ನು ಮುಚ್ಚಬೇಕೆಂದು ಕೂಗುತ್ತಿದ್ದ ಪ್ರಮುಖರೇ ಕೆಲವೊಮ್ಮೆ ಇವರ ಅರ್ಜಿಗೆ ಸಹಿ ಹಾಕುತ್ತಿದ್ದರು. 1627ರ ಶಾಸನ ಪರವಾನಗಿ ಇಲ್ಲದೆ ಮಾರಿದವರಿಗೆ 20 ಶಿಲಿಂಗ್ ದಂಡ, ಕೊಡಲಾಗದವರಿಗೆ ಬಹಿರಂಗವಾಗಿ ಚಾಟಿಯೇಟು ಎಂದು ಹೇಳಿತು. ಆದರೆ ನೆರೆಮನೆಯ ವಿಧವೆಗೆ ಚಾಟಿ ಬೀಸುವ ಊರು ಸುಲಭಕ್ಕೆ ಸಿಗುತ್ತಿರಲಿಲ್ಲ. ದೊರೆಯಿಲ್ಲದ ಕಾಲದಲ್ಲಿ ದೇಶವಾಳಿದ ಕ್ರಾಮ್‌ವೆಲ್ 1655ರಲ್ಲಿ ನೇಮಿಸಿದ ಸೇನಾಧಿಕಾರಿಗಳಾದ ಮೇಜರ್ ಜನರಲ್‌ಗಳು ಮಾತ್ರ ಈ ದಾಕ್ಷಿಣ್ಯಕ್ಕೆ ಒಳಗಾಗಲಿಲ್ಲ, ಏಕೆಂದರೆ ಅವರ ಅಧಿಕಾರ ಊರಿನಿಂದಲ್ಲ, ಮೇಲಿನಿಂದ ಬಂದದ್ದು. ಅವರಲ್ಲೊಬ್ಬನಾದ ಚಾರ್ಲ್ಸ್ ವರ್ಸ್ಲಿ ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನ್ ಭಾಗವೊಂದರಲ್ಲೇ 200 ಪಡಖಾನೆಗಳನ್ನು ಮುಚ್ಚಲು ಆದೇಶಿಸಿದ. ಎರಡು ವರ್ಷ ಕಳೆಯುವ ಮೊದಲೇ ಆ ವ್ಯವಸ್ಥೆಯೇ ಕುಸಿದುಬಿತ್ತು.

ಚರ್ಚನ್ನೂ ಜನರ ನಡತೆಯನ್ನೂ ಶುದ್ಧಗೊಳಿಸಬೇಕೆಂದ ಕಟ್ಟುನಿಟ್ಟಿನ ಪ್ರಾಟೆಸ್ಟಂಟರಾದ ಪ್ಯೂರಿಟನ್ನರ ಪಾತ್ರದ ಬಗ್ಗೆ ಇತಿಹಾಸಕಾರರಲ್ಲಿ ನಡೆದ ಜಗಳವನ್ನು ಇಲ್ಲಿ ಹೇಳಲೇಬೇಕು. ಎಸೆಕ್ಸ್‌ನ ಟರ್ಲಿಂಗ್ ಎಂಬ ಹಳ್ಳಿಯ ದಾಖಲೆಗಳನ್ನು ಶೋಧಿಸಿದ ಕೀತ್ ರೈಟ್‌ಸನ್ ಮತ್ತು ಡೇವಿಡ್ ಲೆವಿನ್, 1600ರ ಸುಮಾರಿನಿಂದ ಆ ಹಳ್ಳಿಯ ಅನುಕೂಲಸ್ಥರು ಪ್ಯೂರಿಟನ್ ನಿಷ್ಠೆಯನ್ನು ಮೈಗೂಡಿಸಿಕೊಂಡು ಬಡ ನೆರೆಯವರ ನಡವಳಿಕೆಯನ್ನು ತಿದ್ದಲು ಹೊರಟರು, ಹಳ್ಳಿ ಎರಡಾಗಿ ಸೀಳಿತು ಎಂದು ವಾದಿಸಿದರು. ಇದಕ್ಕೆ ಮಾರ್ಗರೆಟ್ ಸ್ಪಫರ್ಡ್ ಎತ್ತಿದ ಆಕ್ಷೇಪ ಬಹಳ ಸರಳವಾದದ್ದು: ಜನಸಂಖ್ಯೆಯ ಒತ್ತಡ ಹೀಗೆಯೇ ಇದ್ದ 1300ರ ಆಸುಪಾಸಿನಲ್ಲಿಯೂ ಹಳ್ಳಿಯ ಉಳ್ಳವರು ಬಡವರ ಮೇಲೆ ಇಂಥದೇ ಹತೋಟಿ ಹೇರಿದ್ದರು, ಆಗ ಪ್ಯೂರಿಟನ್ನರೇ ಇರಲಿಲ್ಲವಲ್ಲ! 15ನೆಯ ಶತಮಾನದ ಕೊನೆಯ ಸ್ಥಳೀಯ ನ್ಯಾಯಾಲಯಗಳಲ್ಲಿಯೂ ಪಡಖಾನೆಗಳ ವಿರುದ್ಧದ ದೂರುಗಳಿದ್ದುದನ್ನು ಮಾರ್ಜರಿ ಮ್ಯಾಕಿಂಟಾಷ್ ತೋರಿಸಿದ್ದಾರೆ. ನನ್ನ ತಿಳಿವಳಿಕೆಯಂತೆ ಒತ್ತಡವನ್ನು ಹುಟ್ಟಿಸಿದ್ದು ಬಡತನ. ಆದರೆ ಆ ಒತ್ತಡ ಯಾವ ಊರಿನಲ್ಲಿ ಬರೀ ದೂರಿನಲ್ಲಿ ಮುಗಿಯುತ್ತದೆ, ಯಾವ ಊರಿನಲ್ಲಿ ದಶಕಗಟ್ಟಲೆ ನಡೆಯುವ ಆಂದೋಲನವಾಗುತ್ತದೆ ಎಂಬುದು, ಅಲ್ಲಿ ಹಟ ಹಿಡಿದ ಪಾದ್ರಿಯೊಬ್ಬ ಇದ್ದನೇ ಇಲ್ಲವೇ ಎಂಬುದರ ಮೇಲೆ ನಿಂತಿತ್ತು. ಡಾರ್ಚೆಸ್ಟರಿಗೆ ಜಾನ್ ವೈಟ್ ಸಿಕ್ಕ. ಬೆಂಕಿ ಬಿದ್ದ ಬೇರೆ ಪಟ್ಟಣಗಳೂ ಇದ್ದವು, ಅವುಗಳಿಗೆಲ್ಲ ಅಂಥವನು ಸಿಗಲಿಲ್ಲ.

ಕುಡಿತದ ಹಳೆಯ ಪೋಷಕ ಚರ್ಚೇ ಆಗಿತ್ತು ಎಂಬುದನ್ನು ಯಾರೂ ಇನ್ನೂ ಹೇಳಿಲ್ಲ. ಪ್ಯಾರಿಷ್‌ಗಳು ಹಬ್ಬದ ದಿನ ಏಲ್ ಮಾಡಿ ಮಾರಿ, ಬಂದ ಹಣದಿಂದ ಚಾವಣಿ ದುರಸ್ತಿ ಮಾಡಿಸುತ್ತಿದ್ದವು, ಗಂಟೆ ಹಾಕಿಸುತ್ತಿದ್ದವು. ಈ ಚರ್ಚ್ ಏಲ್ ಕೂಟಗಳನ್ನು ಸಾಮರ್‌ಸೆಟ್‌ನಲ್ಲಿ ಮುಖ್ಯ ನ್ಯಾಯಾಧೀಶ ರಿಚರ್ಡ್‌ಸನ್ ನಿಷೇಧಿಸಿದಾಗ ಆರ್ಚ್‌ಬಿಷಪ್ ಲಾಡ್ ಅವನನ್ನು ಕರೆಸಿ ಛೀಮಾರಿ ಹಾಕಿದ. 1633ರಲ್ಲಿ ಒಂದನೆಯ ಚಾರ್ಲ್ಸ್ ಭಾನುವಾರದ ಆಟ-ಕೂಟಗಳಿಗೆ ಅನುಮತಿ ನೀಡುವ ಘೋಷಣೆಯನ್ನು ಮತ್ತೆ ಹೊರಡಿಸಿದ. ಹೀಗಾಗಿ ಧರ್ಮ ಒಂದು ಕಡೆ, ಕುಡಿತ ಇನ್ನೊಂದು ಕಡೆ ಎಂದು ಗೆರೆ ಎಳೆಯುವುದೇ ಕಷ್ಟ. ಧರ್ಮದೊಳಗೇ ಎರಡು ಪಕ್ಷಗಳಿದ್ದವು.

ಉತ್ತರ 4: ಸುಂಕದ ಕಟ್ಟೆ

ಮೇಲಿನ ಮೂವರೂ ಬೊಕ್ಕಸದ ವಿಷಯವನ್ನು ಬಿಟ್ಟಿದ್ದಾರೆ. ಕುಡಿತದ ವಿರುದ್ಧದ ಆಂದೋಲನಗಳು ಎಲ್ಲಿ ಸೋತವು ಎಂದು ನೋಡಿದರೆ ಅಲ್ಲಿ ಬಹಳ ಸಲ ತೆರಿಗೆಯ ಲೆಕ್ಕವೇ ಎದುರಾಗುತ್ತದೆ. ರಷ್ಯಾದಲ್ಲಿ ಧರ್ಮಾಧಿಕಾರಿ ನಿಕೊನ್‌ನ ಪ್ರಭಾವದಿಂದ ತ್ಸಾರ್ ಅಲೆಕ್ಸಿ 1652ರಲ್ಲಿ ಪಡಖಾನೆಗಳನ್ನು ಪಟ್ಟಣಕ್ಕೊಂದರಂತೆ ಇಳಿಸಿ, ಒಬ್ಬರಿಗೆ ಒಂದೇ ಬಟ್ಟಲು, ಸಾಲಕ್ಕೆ ಮಾರಕೂಡದು, ಉಪವಾಸದ ದಿನಗಳಲ್ಲಿ ಮಾರಕೂಡದು, ಪಾದ್ರಿ-ಸನ್ಯಾಸಿಗಳಿಗಂತೂ ಕೊಡಲೇಕೂಡದು ಎಂದು ಕಟ್ಟಪ್ಪಣೆ ಮಾಡಿದ. ಪೋಲೆಂಡಿನೊಡನೆ ಯುದ್ಧ ಬಂದು ಹಣದ ಮುಗ್ಗಟ್ಟು ತಲೆದೋರಿದ ಮೇಲೆ ಈ ನಿಯಮಗಳು ಸಡಿಲವಾಗಿ, 1663ರಲ್ಲಿ ಮಾರಾಟವನ್ನು ಗುತ್ತಿಗೆಗೆ ಕೊಡುವ ಹಳೆಯ ಪದ್ಧತಿ ಮರಳಿತು.

ಲಂಡನ್ನಿನ ಜಿನ್ (ಧಾನ್ಯದಿಂದ ಭಟ್ಟಿ ಇಳಿಸಿದ ಮದ್ಯ) ಕಥೆಯೂ ಇದೇ. 1691ರಲ್ಲಿ ಟವರ್ ಹ್ಯಾಮ್ಲೆಟ್ಸ್ ಭಾಗದಲ್ಲಿ ಹುಟ್ಟಿ ರಾಣಿ ಮೇರಿಯ ಬೆಂಬಲ ಪಡೆದ ಆಚಾರ ಸುಧಾರಣಾ ಸಂಘಗಳು ಸುಮಾರು 47 ವರ್ಷಗಳ ಕಾಲ ಹಾದರ, ಆಣೆ, ಭಾನುವಾರದ ವ್ಯಾಪಾರ, ಕುಡಿತ ಇವುಗಳ ಮೇಲೆ ದೂರು ಕೊಡಿಸುತ್ತ ಹೋದವು. ದೂರುಗಳು ಒಂದು ಲಕ್ಷ ದಾಟಿದವೆಂದು ಅವರೇ ಹೇಳಿಕೊಂಡರು. ತಳದ ಸಾಲು ಅವರು ವರ್ಣಿಸಿದ ದಾಕ್ಷಿಣ್ಯವನ್ನು ಮೀರಲು ಇವರು ಮಾಹಿತಿದಾರರನ್ನು ಬಳಸಿದರು, ಜನ ಅವರನ್ನು ಚಾಡಿಕೋರರೆಂದು ಹಳಿದರು. ಈ ಕಾನೂನುಗಳು ಜೇಡರ ಬಲೆಗಳು, ಸಣ್ಣ ನೊಣ ಸಿಕ್ಕುತ್ತದೆ, ದೊಡ್ಡದು ಹರಿದುಕೊಂಡು ಹೋಗುತ್ತದೆ ಎಂದು 1698ರಲ್ಲಿ ಡೇನಿಯಲ್ ಡಿಫೊ ಬರೆದ. ಅವನು ಸುಧಾರಣೆಯ ವಿರೋಧಿಯಲ್ಲ. ಮೊದಲು ಜಸ್ಟಿಸ್‌ಗಳೂ ಪಾದ್ರಿಗಳೂ ತಮ್ಮ ಕುಡಿತ ಬಿಡಲಿ ಎಂಬುದು ಅವನ ಬೇಡಿಕೆ. 1736ರ ಜಿನ್ ಶಾಸನ ಚಿಲ್ಲರೆ ಮಾರಾಟಕ್ಕೆ ವರ್ಷಕ್ಕೆ 50 ಪೌಂಡಿನ ಪರವಾನಗಿಯನ್ನೂ ಗ್ಯಾಲನ್ನಿಗೆ 20 ಶಿಲಿಂಗ್ ಸುಂಕವನ್ನೂ ಹೇರಿತು. 50 ಪೌಂಡ್ ಎಂದರೆ ಕೂಲಿಯವನ ಒಂದು ವರ್ಷದ ದುಡಿಮೆಗಿಂತ ಬಹಳ ಹೆಚ್ಚು; ಪರವಾನಗಿ ಪಡೆದವರು ಇಲ್ಲವೆನ್ನುವಷ್ಟು ಕಡಿಮೆ. ಕಳ್ಳಮಾರಾಟ ಬೆಳೆಯಿತು, ಮಾಹಿತಿ ಕೊಟ್ಟವರನ್ನು ಜನ ಬೀದಿಯಲ್ಲಿ ಅಟ್ಟಿ ಹೊಡೆದರು. 1743ರಲ್ಲಿ ಯುದ್ಧಕ್ಕೆ ಹಣ ಬೇಕಾದಾಗ ಪಾರ್ಲಿಮೆಂಟು ಆ ಶಾಸನವನ್ನು ತೆಗೆದುಹಾಕಿ, ಕಡಿಮೆ ಶುಲ್ಕದ ಪರವಾನಗಿ ಕೊಟ್ಟು ಸುಂಕ ವಸೂಲು ಮಾಡತೊಡಗಿತು. ಬಿಷಪ್ಪರು ಮೇಲ್ಮನೆಯಲ್ಲಿ ಅದನ್ನು ಉಗ್ರವಾಗಿ ವಿರೋಧಿಸಿದರೂ ಪ್ರಯೋಜನವಾಗಲಿಲ್ಲ.

ಮೇಲಿನವರ ಕುಡಿತದ ವಿಷಯ ಬಂದದ್ದರಿಂದ ಒಂದು ಸೇರ್ಪಡೆ. ಜರ್ಮನಿಯ ಹೆಸ್ಸೆಯ ಪ್ರಭು ಮೋರಿಟ್ಸ್ 1600ರಲ್ಲಿ ಶ್ರೀಮಂತರಿಗಾಗಿ ಮಿತಪಾನ ಸಂಘವೊಂದನ್ನು ಕಟ್ಟಿದ. ಸದಸ್ಯರು ಒಂದು ಊಟಕ್ಕೆ ಏಳು ಬಟ್ಟಲಿಗಿಂತ ಹೆಚ್ಚು ವೈನ್ ಕುಡಿಯಬಾರದು, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹಾಗೆ ಕುಳಿತುಕೊಳ್ಳಬಾರದು ಎಂಬುದು ಅದರ ಕಟ್ಟುನಿಟ್ಟಾದ ವ್ರತ! ಮೊಗಲ್ ದೊರೆ ಜಹಾಂಗೀರ್ 1605ರಲ್ಲಿ ಪಟ್ಟಕ್ಕೆ ಬಂದೊಡನೆ ಹೊರಡಿಸಿದ ಹನ್ನೆರಡು ಆಜ್ಞೆಗಳಲ್ಲಿ ಮದ್ಯದ ತಯಾರಿಕೆ ಮತ್ತು ಮಾರಾಟದ ನಿಷೇಧವೂ ಒಂದು. ಹದಿನೆಂಟರ ಪ್ರಾಯದಿಂದ ತಾನು ಕುಡಿಯುತ್ತಿದ್ದೇನೆ ಎಂದು ಅದೇ ಪುಟದಲ್ಲಿ ಅವನೇ ಬರೆದುಕೊಂಡಿದ್ದಾನೆ.

ಮಸಿಕುಡಿಕೆ

ಸುಂಕದ ಕಟ್ಟೆಯವರ ಮಾತಿಗೆ ಒಂದು ಸಣ್ಣ ಆಕ್ಷೇಪ. ಬೊಕ್ಕಸದ ಲೆಕ್ಕದಿಂದ 18ನೆಯ ಶತಮಾನದ ಸೋಲು ಅರ್ಥವಾಗುತ್ತದೆ, 17ನೆಯ ಶತಮಾನದ್ದು ಅಷ್ಟಾಗಿ ಅರ್ಥವಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಬಿಯರ್ ಮೇಲೆ ಅಬಕಾರಿ ಸುಂಕ ಬಂದದ್ದೇ 1643ರಲ್ಲಿ, ಅದೂ ಪ್ಯೂರಿಟನ್ನರ ಪ್ರಾಬಲ್ಯವಿದ್ದ ಪಾರ್ಲಿಮೆಂಟು ದೊರೆಯ ವಿರುದ್ಧದ ಯುದ್ಧದ ಖರ್ಚಿಗಾಗಿ ಹಾಕಿದ್ದು. ಆ ಯುದ್ಧದ ನಂತರ ಕುಡಿತಕ್ಕೆ ರಾಜಕೀಯದ ಬಣ್ಣವೇ ಬಂತು: ಸೋತ ದೊರೆಯ ಪಕ್ಷದವರು ಅವನ ಆರೋಗ್ಯ ಹಾರೈಸಿ ಬಟ್ಟಲೆತ್ತುವುದನ್ನೇ ನಿಷ್ಠೆಯ ಗುರುತು ಮಾಡಿಕೊಂಡರು. ಪ್ಯೂರಿಟನ್ನರಿಗೆ ಈಗ ಕುಡುಕನೂ ರಾಜದ್ರೋಹಿಯೂ ಒಬ್ಬನೇ ಆದಂತಾಯಿತು, ಎದುರಾಳಿಗಳಿಗೆ ಮಿತಪಾನಿಯೂ ಕಪಟಿಯೂ ಒಬ್ಬನೇ ಆದಂತಾಯಿತು. ಹೀಗೆ ಪಕ್ಷದ ಬಾವುಟವಾದ ಮೇಲೆ ಸುಧಾರಣೆಯ ಮಾತಿಗೆ ಊರಿನ ಎಲ್ಲರ ಒಪ್ಪಿಗೆ ಸಿಗುವುದು ಸಾಧ್ಯವಿರಲಿಲ್ಲ. ದೇಶಭ್ರಷ್ಟನಾಗಿದ್ದ ಎರಡನೆಯ ಚಾರ್ಲ್ಸ್ ದೊರೆಯಾಗಿ 1660ರ ಮೇ 29ರಂದು ಲಂಡನ್ನಿಗೆ ಮರಳಿದ. ಮರುದಿನವೇ ಅವನು ಹೊರಡಿಸಿದ ಘೋಷಣೆ, ಟ್ಯಾವರ್ನ್‌ಗಳಲ್ಲಿ ಕುಳಿತು ತನ್ನ ಆರೋಗ್ಯಕ್ಕೆಂದು ಕುಡಿಯುವುದನ್ನು ಬಿಟ್ಟು ಬೇರೆ ರೀತಿಯಲ್ಲಿ ನಿಷ್ಠೆ ತೋರದ ದುರ್ವ್ಯಸನಿಗಳ ವಿರುದ್ಧವಾಗಿತ್ತು.